ಹೊಳೆಯಾಚೆಯ ಪಂಚಾಯಿತಿ

ಬಯಲುಸೀಮೆಯವರಿಗೆ ಪಂಚಾಯಿತಿ ಎಂದೊಡನೆ ಅರಳೀಕಟ್ಟೆಯೂ ಅದರ ಸುತ್ತ ಒತ್ತಾಗಿ ಕೂತ ಮನೆಗಳೂ ನೆನಪಾಗುತ್ತವೆ. ನಮ್ಮ ಸಾಗರ ತಾಲ್ಲೂಕಿನ ಕರೂರು ಹೋಬಳಿಯ ಊರುಗಳು ಹಾಗಲ್ಲ. ಒಂದು ಅಡಿಕೆ ತೋಟ, ಎರಡು ಮನೆ, ಆಮೇಲೆ ಕಾಡು. ಮತ್ತೊಂದು ಗದ್ದೆಬಯಲು, ನಾಲ್ಕು ಮನೆ. 1993ರ ಪಂಚಾಯತ್ ರಾಜ್ ಅಧಿನಿಯಮವೂ ಇದನ್ನು ಮನಗಂಡಿತ್ತು. ಬೇರೆಡೆ ಗ್ರಾಮ ಪಂಚಾಯಿತಿಗೆ ಕನಿಷ್ಠ 5,000 ಜನಸಂಖ್ಯೆ ಬೇಕೆಂದರೂ, ಶಿವಮೊಗ್ಗವೂ ಸೇರಿದಂತೆ ಮಲೆನಾಡಿನ ಜಿಲ್ಲೆಗಳಿಗೆ 2,500 ಸಾಕೆಂದಿತು. ಅದನ್ನು ಬರೆದವರಲ್ಲಿ ಯಾರೋ ನಮ್ಮ ಘಟ್ಟ ಹತ್ತಿಳಿದವರು ಇದ್ದಿರಬೇಕು!

ತುಮರಿಯದು ಕಾಡಿಗಿಂತ ನೀರಿನ ಕಥೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು ಶರಾವತಿ ಕಣಿವೆ ತುಂಬಿದಾಗ, 1948ರಲ್ಲಿ ಕಟ್ಟಿದ್ದ ಮಡೆನೂರು ಅಣೆಕಟ್ಟೆಯೇ ಮುಳುಗಿಹೋಯಿತು. ಊರುಗಳ ಪಾಡು ಹೇಳುವುದೇನು? ಉಳಿದ ಭಾಗವನ್ನು ಪತ್ರಿಕೆಗಳು 'ದ್ವೀಪ' ಎಂದು ಕರೆದವು. ಭೂಗೋಳ ಪಾಠ ಮಾಡಿದ ನನಗೆ ಆ ಮಾತು ಎಂದೂ ಒಪ್ಪಿಗೆಯಾಗಲಿಲ್ಲ. ತುಮರಿಯ ಬೆನ್ನಿಗೆ ಘಟ್ಟವಿದೆ, ಭಟ್ಕಳಕ್ಕೂ ಹೊಸನಗರಕ್ಕೂ ನೆಲದ ಮೇಲೆಯೇ ಹೋಗಬಹುದು. ಆದರೆ ತಾಲ್ಲೂಕು ಕಚೇರಿ, ದೊಡ್ಡಾಸ್ಪತ್ರೆ, ಅಡಿಕೆ ಮಂಡಿ, ಕಾಲೇಜು ಎಲ್ಲವೂ ಹೊಳೆಯಾಚೆಯ ಸಾಗರದಲ್ಲಿ. ಆ ಊರುಗಳನ್ನು ದ್ವೀಪ ಮಾಡಿದ್ದು ಈ ವ್ಯವಸ್ಥೆಯೇ ಹೊರತು ಬರಿಯ ನೀರಲ್ಲ.

ಅಲ್ಲಿಂದ ಬರುತ್ತಿದ್ದ ನನ್ನ ವಿದ್ಯಾರ್ಥಿಯೊಬ್ಬನ ವಿದ್ಯಾರ್ಥಿವೇತನಕ್ಕೆ ಆದಾಯ ಪ್ರಮಾಣಪತ್ರ ಬೇಕಾಗಿತ್ತು. ಅವನ ತಂದೆ ಮೊದಲ ಲಾಂಚು ಹಿಡಿದು, ಬಸ್ಸು ಕಾದು, ಸಾಗರ ಮುಟ್ಟುವಷ್ಟರಲ್ಲಿ ಕಚೇರಿಯ ಮುಂದೆ ಸಾಲು ಬೆಳೆದಿರುತ್ತಿತ್ತು. ಸಾಹೇಬರು ಮೀಟಿಂಗಿನಲ್ಲಿ. ಸಂಜೆಯ ಕೊನೆಯ ಲಾಂಚು ತಪ್ಪಿದರೆ ನೆಂಟರ ಜಗಲಿಯೇ ಗತಿ. ಮೂರು ಸಲ ಹೀಗಾಯಿತು. ಮೂರನೆಯ ಸಲ ಅವರು ನನ್ನ ಮನೆಗೆ ಬಂದು, "ಮೇಷ್ಟ್ರೇ, ಆ ಹಣ ಬರೋದು ಬೇಡ, ನನ್ನ ಕೂಲಿ ಹೋದದ್ದು ಸಾಕು" ಎಂದರು. ಅರ್ಜಿ ಅಲ್ಲಿಗೇ ನಿಂತಿತು. ಹುಡುಗ ಓದಿದ, ಆದರೆ ಸಾಲ ಮಾಡಿ.

2025ರ ಜುಲೈ 14ರಂದು ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ಉದ್ಘಾಟನೆಯಾಯಿತು. ಸುಮಾರು 2.44 ಕಿಲೋಮೀಟರು. ನನ್ನಂಥವನಿಗೆ ನಡೆದು ದಾಟಲು ಮುಕ್ಕಾಲು ಗಂಟೆ ಬೇಕು; ಲಾಂಚಿಗೆ ಕಾಯುತ್ತಿದ್ದುದಕ್ಕಿಂತ ಅದೆಷ್ಟೋ ವಾಸಿ. ಈಗ ಅಲ್ಲಿಯೇ ತೋಟ ಮಾಡಿಕೊಂಡಿರುವ ಆ ವಿದ್ಯಾರ್ಥಿ ಮೊನ್ನೆ ಫೋನು ಮಾಡಿದ್ದ. ಬೆಳಿಗ್ಗೆ ಸಾಗರಕ್ಕೆ ಹೋಗಿ ಮಧ್ಯಾಹ್ನದ ಊಟಕ್ಕೆ ಮನೆಗೆ ಬಂದೆನೆಂದು ಹೇಳಿಕೊಳ್ಳುವಾಗ ಅವನ ದನಿಯಲ್ಲಿ ಹುಡುಗುತನ. ಭಾನುವಾರ ಸಿಗಂದೂರಿಗೆ ಬರುವ ಕಾರುಗಳ ಸಾಲು, ರಸ್ತೆಯಂಚಿನ ಕಸ ಅವನಿಗೆ ಹಿಡಿಸಿಲ್ಲ. ಅಷ್ಟು ಜನರನ್ನು ನಿಭಾಯಿಸಲು ಸಣ್ಣ ಪಂಚಾಯಿತಿಗೆ ಶಕ್ತಿಯೆಲ್ಲಿಯದು ಎನ್ನುತ್ತಾನೆ.

ಮುಳುಗಡೆಯಲ್ಲಿ ಮನೆ ಕಳೆದುಕೊಂಡು ಬೇರೆಡೆ ಕಾಡಿನಂಚಿಗೆ ಹೋದ ತನ್ನ ದೊಡ್ಡಪ್ಪನ ಮನೆಯವರ ಜಮೀನಿನ ವಿಚಾರವನ್ನೂ ಕೇಳಿದೆ. ಅವರಿಗೆ ಹಕ್ಕುಪತ್ರ ಇನ್ನೂ ಬಂದಿಲ್ಲವಂತೆ. ದೊಡ್ಡಪ್ಪ ತೀರಿಕೊಂಡರು, ಈಗ ಮೊಮ್ಮಗ ಓಡಾಡುತ್ತಿದ್ದಾನೆ.