ಚಾರ್ಮಾಡಿ ದಾರಿಯಲ್ಲಿ ಒಂದು ಗುಂಯ್ ಶಬ್ದ

ಮಂಗಳೂರಿನಿಂದ ಮೂಡಿಗೆರೆಗೆ ಹೋಗುವ ದಾರಿಯಲ್ಲಿ ನೀವು ಎಂದಾದರೂ ಪ್ರಯಾಣ ಮಾಡಿದ್ದೀರಾ? ಬಂಟ್ವಾಳ ದಾಟಿದ ಮೇಲೆ ಪುಂಜಾಲಕಟ್ಟೆ, ಮಡಂತ್ಯಾರು, ಗುರುವಾಯನಕೆರೆ, ಬೆಳ್ತಂಗಡಿ, ಉಜಿರೆ ಎಂದು ಊರುಗಳು ಒಂದರ ಹಿಂದೆ ಒಂದು ಬರುತ್ತವೆ. ಅಡಿಕೆ ತೋಟಗಳ ನಡುವೆ ಮುಂಡಾಜೆ, ಕಕ್ಕಿಂಜೆ ಕಳೆದು ಚಾರ್ಮಾಡಿ ತಲುಪಿದರೆ ಕರಾವಳಿಯ ಸೆಕೆ ಅಲ್ಲಿಗೆ ಮುಗಿಯಿತು. ಮುಂದೆ ಇರುವುದು ಘಾಟಿ, ಕಾಡು, ಮಂಜು ಮತ್ತು ತಲೆ ತಿರುಗಿಸುವ ತಿರುವುಗಳು. 2019ರ ಆಗಸ್ಟ್ ಮಳೆಗೆ ಇಲ್ಲಿ ಗುಡ್ಡಗಳು ಕುಸಿದು ರಸ್ತೆಯೇ ಮುಚ್ಚಿಹೋಗಿತ್ತು. ಬಳಿಕ ತೆರೆದಾಗಲೂ ಮೊದಲು ಸಣ್ಣ ವಾಹನಗಳನ್ನು ಮಾತ್ರ ಬಿಟ್ಟರು. ಈಗಲೂ ಕೆಲವು ಕಡೆ ಒಂದು ಬದಿಗೆ ಬಂಡೆ, ಇನ್ನೊಂದು ಬದಿಗೆ ತಡೆಗೋಡೆಯಾಚೆ ಬರೀ ಆಳ.

ಇಂತಹ ದಾರಿಯಲ್ಲಿ ಹಳೆಯ ವಾಹನವೊಂದು ಕಾರಣವಿಲ್ಲದೆ ಗುಂಯ್‌ಗುಡುತ್ತಿದ್ದರೆ ಒಳಗೆ ಕುಳಿತವರ ಮನಸ್ಸು ಹೇಗಿರುತ್ತದೆ ಎಂದು ನೀವೇ ಊಹಿಸಿ.

ಕಳೆದ ಬೇಸಿಗೆ ರಜೆಯಲ್ಲಿ ನಾನು ತವರಿಗೆ ಹೋದದ್ದು ಭಾಯಿಯವರ ಪಿಕಪ್ಪಿನಲ್ಲಿ. ಮೂಡಿಗೆರೆ ಕಡೆಯ ತರಕಾರಿ, ಬಾಳೆಗೊನೆಗಳನ್ನು ಮಂಗಳೂರಿನ ಮಾರುಕಟ್ಟೆಗೆ ಇಳಿಸಿ ವಾಪಸು ಹೋಗುವುದು ಅವರ ನಿತ್ಯದ ದುಡಿಮೆ. ಪಿಕಪ್ಪಿಗೆ ಹದಿನೈದು ವರ್ಷ ದಾಟಿದೆ. ಎರಡನೇ ಕೈಯಿಂದ ಕೊಳ್ಳುವಾಗ ಭಾಬಿಯ ಬಳೆಗಳು ಸೊಸೈಟಿಯಲ್ಲಿ ಅಡವಿಗೆ ಹೋದವು. ಎರಡು ಇನ್ನೂ ಬಿಡಿಸಿಕೊಳ್ಳಲು ಬಾಕಿ ಇವೆ. ಆ ದಿನ ಭಾಬಿಯೂ ಕಣ್ಣಿನ ಪರೀಕ್ಷೆಗೆಂದು ಮಂಗಳೂರಿಗೆ ಬಂದಿದ್ದರು. ಮುಂದಿನ ಸೀಟಿನಲ್ಲಿ ಮೂವರೂ ಒತ್ತೊತ್ತಾಗಿ ಕುಳಿತೆವು. ಹಿಂದೆ ನನ್ನ ಎರಡು ಪುಸ್ತಕದ ಪೆಟ್ಟಿಗೆಗಳು ಮತ್ತು ಖಾಲಿ ಕ್ರೇಟುಗಳು.

ಬಂಟ್ವಾಳ ದಾಟಿ ನೇರ ರಸ್ತೆ ಸಿಕ್ಕಿದ್ದೇ ತಡ, ಸೀಟಿನ ಕೆಳಗಿನಿಂದ ಗುಂಯ್ ಎಂಬ ಶಬ್ದ ಎದ್ದಿತು. ಶಬ್ದ ಎನ್ನುವುದಕ್ಕಿಂತ ನಡುಕ. ಪಾದಕ್ಕೂ ಬೆನ್ನಿಗೂ ತಾಗುವ ನಡುಕ.

“ಇದೇನು ಭಾಯಿ?” ಎಂದೆ.

“ಮೂರು ತಿಂಗಳಿಂದ ಇದೇ ಪೀಡೆ. ನಾಲ್ಕು ಟೈರಿಗೂ ಬ್ಯಾಲೆನ್ಸಿಂಗ್ ಮಾಡಿಸಿದೆ, ಅಲೈನ್‌ಮೆಂಟ್ ಮಾಡಿಸಿದೆ, ಇಂಜಿನ್ ಕೆಳಗಿನ ರಬ್ಬರ್ ಮೌಂಟ್ ಬದಲಿಸಿದೆ. ಹನ್ನೆರಡು ಸಾವಿರ ಹೋಯಿತು. ಶಬ್ದ ಹೋಗಲಿಲ್ಲ. ಹಾಸನದ ಒಬ್ಬರು ಗಾಡಿ ಕೇಳಿದ್ದಾರೆ, ಕೊಟ್ಟುಬಿಡುತ್ತೇನೆ” ಎಂದರು. ಅವರು ಹೇಳಿದ ಬೆಲೆ ಕೇಳಿ ಭಾಬಿ ಕಿಟಕಿಯ ಕಡೆ ಮುಖ ತಿರುಗಿಸಿದರು.

ಸಹೋದರಿಯರೇ, ಯಂತ್ರದ ಶಬ್ದ ಗಂಡಸರ ವಿಷಯವೆಂದು ಈ ಪುಟ ತಿರುಗಿಸಬೇಡಿ. ಮಿಕ್ಸಿಯ ಜಾರಿನಲ್ಲಿ ಏನೋ ಸಡಿಲಾಗಿದೆ ಎಂದು ಪಕ್ಕದ ಕೋಣೆಯಿಂದಲೇ ತಿಳಿಯುವವರು ಯಾರು? ವಾಷಿಂಗ್ ಮೆಷಿನ್ ನೀರು ಹಿಂಡುವಾಗ ಕಂಬಳಿ ಒಂದೇ ಕಡೆ ಸೇರಿದರೆ ಇಡೀ ಮೆಷಿನ್ ಕುಣಿಯುತ್ತದೆ. ನಿಧಾನ ತಿರುಗುವಾಗ ಅದು ಸುಮ್ಮನಿರುತ್ತದೆ, ವೇಗ ಹೆಚ್ಚಿದಾಗ ಮಾತ್ರ ಕುಣಿತ. ವಾಹನದ ನಡುಕದ ಮೂಲವೂ ಹೆಚ್ಚಾಗಿ ಇಂಥದ್ದೇ. ತಿರುಗುವ ಯಾವುದೋ ಒಂದು ವಸ್ತು ಸರಿಯಾಗಿ ತಿರುಗುತ್ತಿಲ್ಲ. ಯಾವುದು ಎಂದು ಕಂಡುಹಿಡಿಯುವುದೇ ಕೆಲಸ.

ನನ್ನದು ಟೀಚರ್ ಬುದ್ಧಿ. ಚೀಲದಿಂದ ನೋಟ್‌ಬುಕ್ ತೆಗೆದು ಗೆರೆ ಎಳೆದು ಊರು, ವೇಗ, ಗೇರ್, ಶಬ್ದ ಎಂದು ಬರೆದುಕೊಂಡೆ. ಭಾಯಿ ನಕ್ಕರು. ಆದರೂ ಕೇಳಿದಂತೆ ಓಡಿಸಿದರು. ಮಡಂತ್ಯಾರು ತಲುಪುವಷ್ಟರಲ್ಲಿ ಒಂದು ವಿಷಯ ಸ್ಪಷ್ಟವಾಯಿತು. 50 ಕಿ.ಮೀ. ದಾಟಿದರೆ ಶಬ್ದ ಏಳುತ್ತದೆ, 40ಕ್ಕೆ ಇಳಿದರೆ ಅಡಗುತ್ತದೆ. 55ರಲ್ಲಿ ಮೂರನೇ ಗೇರಿನಲ್ಲೂ ಅದೇ ಶಬ್ದ, ನಾಲ್ಕನೇ ಗೇರಿನಲ್ಲೂ ಅದೇ ಶಬ್ದ. ಗೇರ್ ಬದಲಾದಾಗ ಇಂಜಿನ್ ತಿರುಗುವ ವೇಗ ಬದಲಾಗುತ್ತದೆ, ಚಕ್ರದ ವೇಗ ಬದಲಾಗುವುದಿಲ್ಲ. ಶಬ್ದವೂ ಬದಲಾಗದಿದ್ದರೆ ಅದು ಇಂಜಿನ್ನಿನದ್ದಲ್ಲ. ಗುರುವಾಯನಕೆರೆಯಲ್ಲಿ ಚಹಾಕ್ಕೆ ನಿಲ್ಲಿಸಿ, ನಿಂತಲ್ಲೇ ಆಕ್ಸಿಲರೇಟರ್ ಒತ್ತಿಸಿ ನೋಡಿದೆವು. ಇಂಜಿನ್ ಗರ್ಜಿಸಿತೇ ಹೊರತು ಆ ಗುಂಯ್ ಇಲ್ಲ. ಹಾಗಾದರೆ ಮೌಂಟಿಗೆ ಸುರಿದ ಹಣ ವ್ಯರ್ಥ. (ನ್ಯೂಟ್ರಲ್‌ಗೆ ಹಾಕಿ ಪರೀಕ್ಷಿಸುವವರೂ ಇದ್ದಾರೆ. ಇಳಿಜಾರಿನಲ್ಲಿ ಆ ಸಾಹಸ ಬೇಡವೇ ಬೇಡ.)

ಇನ್ನು ಚಕ್ರ. 60 ಕಿ.ಮೀ. ವೇಗದಲ್ಲಿ ಇಂತಹ ಪಿಕಪ್ಪಿನ ಚಕ್ರ ಸೆಕೆಂಡಿಗೆ ಸುಮಾರು 8 ಸುತ್ತು ತಿರುಗುತ್ತದೆ. ಮುಂದಿನ ಚಕ್ರದಲ್ಲಿ ತೂಕದ ಏರುಪೇರು ಇದ್ದರೆ ಸ್ಟೀರಿಂಗ್ ಗಡಗಡ ಅಲುಗುತ್ತದೆ. ಆ ಒಂದೊಂದು ಅಲುಗಾಟ ಕೈಗೇ ತಿಳಿಯುತ್ತದೆ. ಭಾಯಿಯ ಸ್ಟೀರಿಂಗ್ ಮಾತ್ರ ಶಾಂತವಾಗಿತ್ತು. ನಮ್ಮ ಕಾಲ ಕೆಳಗಿನದ್ದು ಗಡಗಡ ಅಲ್ಲ, ಎಣಿಸಲು ಬಾರದ ಗುಂಯ್. ಅಂದರೆ ಚಕ್ರಕ್ಕಿಂತ ಬಹಳ ವೇಗವಾಗಿ ತಿರುಗುವುದು ಯಾವುದೋ ಇರಬೇಕು. ಅದು ಪ್ರೊಪೆಲ್ಲರ್ ಶಾಫ್ಟ್. ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸಲ್‌ಗೆ ಶಕ್ತಿ ಒಯ್ಯುವ ಉದ್ದನೆಯ ಕಬ್ಬಿಣದ ಕೊಳವೆ. ಇದು ಚಕ್ರದ ನಾಲ್ಕೈದು ಪಟ್ಟು ವೇಗದಲ್ಲಿ, ಅಂದರೆ ಸೆಕೆಂಡಿಗೆ 30ರಿಂದ 40 ಸುತ್ತು ತಿರುಗುತ್ತದೆ. ಭಾಯಿ ಈಗ ನಗುವುದನ್ನು ನಿಲ್ಲಿಸಿದರು. ಓಡುವಾಗ ಶಾಫ್ಟ್ ಕಳಚಿ ರಸ್ತೆಗೆ ಬಡಿದರೆ ಏನಾಗುತ್ತದೆ ಎಂದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಉಜಿರೆಯಲ್ಲಿ ಇಳಿದು ಕೆಳಗೆ ಬಗ್ಗಿ ಶಾಫ್ಟನ್ನು ಕೈಯಿಂದ ಅಲುಗಾಡಿಸಿ ನೋಡಿದರು. ಬೋಲ್ಟುಗಳು ಬಿಗಿಯಾಗಿದ್ದವು, ಎಲ್ಲೂ ಸಡಿಲವಿರಲಿಲ್ಲ. ನಿಧಾನವಾಗಿ ಹೋಗೋಣ ಎಂದರು.

ಅಷ್ಟು ಹೊತ್ತು ಸುಮ್ಮನಿದ್ದ ಭಾಬಿ ಕಕ್ಕಿಂಜೆ ದಾಟಿದಾಗ ಬಾಯಿ ತೆರೆದರು.

“ತರಕಾರಿ ತುಂಬಿ ಬರುವಾಗ ಇದು ಇಷ್ಟು ಇರುವುದಿಲ್ಲ. ಖಾಲಿ ಹೋಗುವಾಗಲೇ ಜಾಸ್ತಿ. ಕ್ಲಚ್ ಕೆಲಸಕ್ಕೆ ಬಿಟ್ಟು ತಂದ ದಿನದಿಂದ ಶುರುವಾದದ್ದು. ನಾನು ಅಂದೇ ಹೇಳಿದ್ದೆ.”

“ಕ್ಲಚ್ಚಿಗೂ ಇದಕ್ಕೂ ಏನು ಸಂಬಂಧ?” ಎಂದರು ಭಾಯಿ.

ನಾನು ಅದನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ.

ಘಾಟಿಯಲ್ಲಿ ಶಬ್ದವೇ ಇರಲಿಲ್ಲ. 25-30ರ ಮೇಲೆ ಅಲ್ಲಿ ಯಾರು ಓಡಿಸುತ್ತಾರೆ? ಶೋಲಾ ಕಾಡಿನ ಮೇಲೆ ಮಂಜು ಏರುತ್ತಿತ್ತು. ಅಣ್ಣಪ್ಪ ಸ್ವಾಮಿ ಗುಡಿಯ ಬಳಿ ಲಾರಿ ಚಾಲಕರು ಎಂದಿನಂತೆ ನಿಲ್ಲಿಸಿ ಕಾಣಿಕೆ ಹಾಕಿ ಮುಂದೆ ಹೋಗುತ್ತಿದ್ದರು. ಮಳೆಗಾಲದಲ್ಲಿ ಬಂದರೆ ರಸ್ತೆಯ ಬದಿಗೇ ಜಲಪಾತಗಳು ಧುಮುಕುತ್ತವೆ, ಬೇಸಿಗೆಯಾದ್ದರಿಂದ ಬಂಡೆಯ ಮೇಲೆ ಒದ್ದೆಯ ಗುರುತಷ್ಟೇ ಇತ್ತು. ಎಡಕ್ಕೂ ಬಲಕ್ಕೂ ತಿರುಗುವಾಗ ಶಬ್ದ ಬದಲಾಗುತ್ತದೆಯೇ ಎಂದು ಕಿವಿಗೊಟ್ಟು ಕೇಳಿದೆ. ಚಕ್ರದ ಬೇರಿಂಗ್ ಸವೆದಿದ್ದರೆ ಒಂದು ಬದಿಗೆ ತಿರುಗಿದಾಗ ಗೊರಗುಟ್ಟುವುದು ಹೆಚ್ಚುತ್ತದೆ. ಹಾಗೇನೂ ಆಗಲಿಲ್ಲ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದೆವು. ಅಲ್ಲಿಯ ನೀರುದೋಸೆ ತಿನ್ನದೆ ಮುಂದೆ ಹೋಗುವುದು ನಮ್ಮ ಮನೆಯಲ್ಲಿ ವಾಡಿಕೆಯಿಲ್ಲ.

ಮೂಡಿಗೆರೆಯಲ್ಲಿ ಭಾಯಿ ಗಾಡಿಯನ್ನು ನೇರವಾಗಿ ಬೇರೊಂದು ಗ್ಯಾರೇಜಿಗೆ ತಂದರು. ಜೀಪುಗಳ ಕೆಲಸದಲ್ಲೇ ತಲೆ ನರೆತ ಮೇಸ್ತ್ರಿ. ನನ್ನ ನೋಟ್‌ಬುಕ್ ನೋಡಿ, “ಯಾರೂ ಇಷ್ಟು ಬರೆದುಕೊಂಡು ಬರುವುದಿಲ್ಲ. ಊರೊಳಗೆ ಒಂದು ಸುತ್ತು ಹೊಡೆದರೆ 50 ದಾಟುವುದೇ ಇಲ್ಲ, ಶಬ್ದ ಕೇಳುವುದು ಹೇಗೆ?” ಎಂದರು. ಆಮೇಲೆ ಭಾಬಿಯ ಕಡೆ ತಿರುಗಿ, “ಅಮ್ಮಾ, ಕ್ಲಚ್ ಹಾಕಿಸಿದ ಮೇಲೆ ಶುರುವಾದದ್ದು ಖಂಡಿತವೇ?” ಎಂದು ಕೇಳಿದರು.

“ಖಂಡಿತ. ಅದೇ ದಿನ.”

ಮೇಸ್ತ್ರಿ ಟಾರ್ಚ್ ಹಿಡಿದು ಕೆಳಗೆ ತೂರಿದರು. ಎರಡೇ ನಿಮಿಷ. ಭಾಯಿಯನ್ನು ಕರೆದು ತೋರಿಸಿದರು, ಬಳಿಕ ನಾನೂ ಬುರ್ಖಾ ಒತ್ತರಿಸಿಕೊಂಡು ಬಗ್ಗಿ ನೋಡಿದೆ. ಶಾಫ್ಟ್ ಒಂದೇ ತುಂಡಲ್ಲ. ಒಂದು ಭಾಗ ಇನ್ನೊಂದರೊಳಗೆ ಹಲ್ಲುಗಳ ಮೇಲೆ ಜಾರುವಂತೆ ಜೋಡಿಸಿರುತ್ತಾರೆ. ಎರಡೂ ಭಾಗಗಳ ಮೇಲೆ ಬಾಣದ ಗುರುತು ಇರುತ್ತದೆ, ಅವು ಒಂದರ ಎದುರು ಒಂದು ಬರಬೇಕು. ಇಲ್ಲಿ ಜಿಡ್ಡು ಒರೆಸಿ ನೋಡಿದರೆ ಒಂದು ಬಾಣ ಮೇಲೆ, ಇನ್ನೊಂದು ಪಕ್ಕಕ್ಕೆ. ಕ್ಲಚ್ ಬದಲಿಸಲು ಗೇರ್‌ಬಾಕ್ಸ್ ಇಳಿಸಬೇಕು, ಅದಕ್ಕೆ ಶಾಫ್ಟ್ ಬಿಚ್ಚಬೇಕು. ಮತ್ತೆ ಜೋಡಿಸುವಾಗ ಬಾಣ ನೋಡಿರಲಿಲ್ಲ.

ಇದರಿಂದ ನಡುಕ ಏಕೆ ಬರುತ್ತದೆ ಎಂದು ಕೇಳುತ್ತೀರಾ? ಶಾಫ್ಟಿನ ತುದಿಗಳಲ್ಲಿ ಕ್ರಾಸ್ ಎಂಬ ಕೀಲುಗಳಿರುತ್ತವೆ. ನಮ್ಮ ಮಣಿಕಟ್ಟಿನಂತೆ ಅವು ಓರೆಯಲ್ಲೂ ತಿರುಗಬಲ್ಲವು. ಆದರೆ ಓರೆಯಲ್ಲಿ ತಿರುಗುವ ಕ್ರಾಸ್ ಸಮವೇಗದಲ್ಲಿ ತಿರುಗಿಸುವುದಿಲ್ಲ. ಪ್ರತಿ ಸುತ್ತಿನಲ್ಲಿ ಎರಡು ಬಾರಿ ವೇಗ ಹೆಚ್ಚಿ ಎರಡು ಬಾರಿ ತಗ್ಗುತ್ತದೆ. 17ನೇ ಶತಮಾನದ ಇಂಗ್ಲಿಷ್ ವಿಜ್ಞಾನಿ ರಾಬರ್ಟ್ ಹುಕ್ ಅವರಿಗೇ ಈ ಗುಣ ತಿಳಿದಿತ್ತು. ಇಂದಿಗೂ ಇದಕ್ಕೆ ಹುಕ್ ಕೀಲು ಎಂಬ ಹೆಸರಿದೆ. ಎರಡು ಕ್ರಾಸುಗಳು ಒಂದೇ ಸಾಲಿನಲ್ಲಿದ್ದರೆ ಮೊದಲನೆಯದು ಮಾಡಿದ ಏರಿಳಿತವನ್ನು ಎರಡನೆಯದು ಸರಿದೂಗಿಸುತ್ತದೆ. ಸಾಲು ತಪ್ಪಿದರೆ ಸರಿದೂಗುವುದಿಲ್ಲ, ಗುಂಯ್‌ಗುಡುತ್ತದೆ. ಗಾಡಿ ಖಾಲಿಯಿದ್ದಾಗ ಹಿಂದಿನ ಪಟ್ಟಿ ಸ್ಪ್ರಿಂಗು ಎದ್ದು ನಿಂತು ಓರೆ ಬದಲಾಗುತ್ತದೆ. ಈ ಗಾಡಿಯಲ್ಲಿ ಖಾಲಿಯಿದ್ದಾಗಲೇ ಓರೆ ಹೆಚ್ಚು, ನಡುಕವೂ ಹೆಚ್ಚು. ಭಾಬಿ ಹೇಳಿದ ಎರಡೂ ಮಾತು ಲೆಕ್ಕಕ್ಕೆ ಸಿಕ್ಕಿದವು. ಇದನ್ನು ಹೀಗೇ ಬಿಟ್ಟರೆ ಕ್ರಾಸ್ ಸವೆದು, ನಡುವಿನ ಬೇರಿಂಗಿನ ರಬ್ಬರ್ ಹರಿದು, ಕೊನೆಗೆ ಶಾಫ್ಟಿಗೇ ಅಪಾಯ ಎಂದು ಮೇಸ್ತ್ರಿ ಹೇಳಿದರು.

ಬೋಲ್ಟುಗಳನ್ನು ಬಿಚ್ಚಿ, ಶಾಫ್ಟ್ ಜಾರಿಸಿ ಹೊರತೆಗೆದು, ಬಾಣಕ್ಕೆ ಬಾಣ ಕೂಡಿಸಿ, ಕ್ರಾಸುಗಳಿಗೆ ಗ್ರೀಸ್ ಹೊಡೆದು ಮತ್ತೆ ಬಿಗಿದರು. ಮುಕ್ಕಾಲು ಗಂಟೆಯ ಕೆಲಸ. ಕೇಳಿದ್ದು ನಾನೂರು ರೂಪಾಯಿ. ಒಂದೂ ಹೊಸ ಸಾಮಾನು ಹಾಕಲಿಲ್ಲ. ಹಿಂದೆ ಕ್ಲಚ್ ಮಾಡಿದವರ ಬಗ್ಗೆ ಭಾಯಿ ಸಿಟ್ಟಿನಿಂದ ಏನೋ ಹೇಳಹೊರಟಾಗ ಮೇಸ್ತ್ರಿ, “ಹೋಗಲಿ ಬಿಡಿ ಸಾಬ್ರೇ, ಕತ್ತಲಲ್ಲಿ ಜೋಡಿಸಿರಬೇಕು” ಎಂದರು. ನನಗೇನೋ ಅಷ್ಟು ಸುಲಭವಾಗಿ ಬಿಡಬಹುದಾದ ವಿಷಯವೆನಿಸಲಿಲ್ಲ. ಆ ಗಾಡಿ ದಿನವೂ ಚಾರ್ಮಾಡಿ ಇಳಿಯುತ್ತದೆ.

ನಿಮ್ಮ ಮನೆಯವರೂ ಇಂತಹ ಗಾಡಿ ಓಡಿಸುವವರಾದರೆ, ಶಾಫ್ಟ್ ಬಿಚ್ಚುವ ಮೊದಲು ಎರಡೂ ಭಾಗಗಳ ಮೇಲೆ ಒಂದೇ ನೇರಕ್ಕೆ ಪೇಂಟಿನ ಗೆರೆ ಎಳೆಸಲು ಹೇಳಿ. ನಮ್ಮ ಮೇಸ್ತ್ರಿಯೂ ಕೆಲಸ ಮುಗಿಸಿ ಬಿಳಿ ಪೇಂಟಿನಲ್ಲಿ ಅಂತಹದ್ದೇ ಗೆರೆ ಎಳೆದರು.

ಹ್ಯಾಂಡ್‌ಪೋಸ್ಟ್ ಕಡೆಗೆ ಒಂದು ಸುತ್ತು ಹೋಗಿ ನೋಡಿದೆವು. 40, 50, 60. ಹಿಂದೆ ಖಾಲಿ ಕ್ರೇಟುಗಳು ಒಂದಕ್ಕೊಂದು ತಾಗುವ ಸದ್ದು ಅಂದು ಮೊದಲ ಬಾರಿಗೆ ಕೇಳಿಸಿತು. ಭಾಯಿ ಏನೂ ಮಾತಾಡಲಿಲ್ಲ. ಗಾಡಿಯನ್ನು ಬದಿಗೆ ನಿಲ್ಲಿಸಿ, ಮೊಬೈಲ್ ತೆಗೆದು ಹಾಸನಕ್ಕೆ ಫೋನ್ ಮಾಡಿದರು. “ಸಲಾಂ, ಗಾಡಿ ಕೊಡುವುದಿಲ್ಲ. ಇಲ್ಲ, ಬೆಲೆಯ ಮಾತಲ್ಲ. ನಮ್ಮ ಮನೆಯವರು ಬೇಡ ಎನ್ನುತ್ತಿದ್ದಾರೆ” ಎಂದರು.

“ನಾನು ಯಾವಾಗ ಹಾಗೆ ಹೇಳಿದೆ?” ಎಂದು ಭಾಬಿ ನನ್ನ ಕಿವಿಯಲ್ಲಿ ಪಿಸುಗುಟ್ಟಿದರು.