ತೂಗುವ ಪೈಪಿಗೆ ಒಂದೆಳೆ ನೂಲು

ಎಮ್ಮಿಗನೂರು ಎಂದರೆ ಮಗ್ಗದ ಊರೆಂದೇ ಹೆಸರು. ಮಾಚಾನಿ ಸೋಮಪ್ಪನವರು 1938ರಲ್ಲಿ ನೇಕಾರರ ಸಹಕಾರ ಸಂಘ ಕಟ್ಟಿದ್ದು ಇಲ್ಲೇ. ಊರ ಹೊರಗಿನ ಎರೆಹೊಲದವರಾದ ನಮಗೆ ಮಾತ್ರ ಮೂರು ಹೊತ್ತೂ ನೀರಿನದೇ ಚಿಂತೆ. ತುಂಗಭದ್ರೆಯ ಕೆಳಮಟ್ಟದ ಕಾಲುವೆ ಹೊಸಪೇಟೆಯ ಅಣೆಕಟ್ಟೆಯಿಂದ ಹೊರಟು ಬಳ್ಳಾರಿ ಸೀಮೆ ದಾಟಿ ನಮ್ಮತ್ತ ಬರುವಷ್ಟರಲ್ಲಿ ಬಡವಾಗಿರುತ್ತದೆ. ಮಳೆ ಕೈಕೊಟ್ಟ ವರ್ಷ ಕೋಸಿಗಿ, ಆದೋನಿ, ಮಂತ್ರಾಲಯದ ಕಡೆಯ ಹಳ್ಳಿಗರು ಗುಂಟೂರಿಗೆ ಮೆಣಸಿನಕಾಯಿ ಬಿಡಿಸಲು ಮಕ್ಕಳುಮರಿ ಸಮೇತ ಹೊರಡುತ್ತಾರೆ. ಇದಕ್ಕೆ ‘ಸುಗ್ಗಿಗೆ ಹೋಗುವುದು’ ಎನ್ನುತ್ತೇವೆ. ಸುಗ್ಗಿ ಅವರದು, ಕೂಲಿ ನಮ್ಮದು! ಕ್ರಿಸ್ಮಸ್ ಮುಗಿಯುತ್ತಲೇ ಶಾಲೆಯ ಬೆಂಚು ಖಾಲಿ, ಧರ್ಮೋಪದೇಶದ ತರಗತಿಯೂ ಖಾಲಿ. ನಮ್ಮ ಹಿರಿಮಗಳ ಪ್ರಥಮ ಪರಮಪ್ರಸಾದ ಎರಡು ವರ್ಷ ಮುಂದಕ್ಕೆ ಹೋದದ್ದು ಹೀಗೆಯೇ.

ಆಂಧ್ರ ಸರ್ಕಾರ 2003ರ ನವೆಂಬರಿನಲ್ಲಿ ಹನಿ ನೀರಾವರಿಗೆ ಸಬ್ಸಿಡಿ ಕೊಡುವ ದೊಡ್ಡ ಯೋಜನೆ ಆರಂಭಿಸಿತು. ಕೆಲವು ವರ್ಷಗಳ ನಂತರ ನಮ್ಮ ಒಂದೆಕರೆ ಹಾಗಲ ಚಪ್ಪರಕ್ಕೂ ಅದು ಬಂತು. ಬೋರಿನಲ್ಲಿ ಬರುವ ಅಷ್ಟಿಷ್ಟು ನೀರು ಹನಿಯಾಗಿ ಬಿದ್ದರೆ ಬೇಸಿಗೆವರೆಗೂ ಬಳ್ಳಿ ಉಳಿಯುತ್ತದೆ, ನಾವೂ ಊರಲ್ಲೇ ಉಳಿಯುತ್ತೇವೆ ಎಂಬುದು ನಮ್ಮ ಲೆಕ್ಕ.

ಎರೆನೆಲ ಬಿರುಕು ಬಿಟ್ಟರೆ ಇಲಿಗಳಿಗೆ ಅರಮನೆ. ನೆಲದ ಮೇಲೆ ಬಿದ್ದ ಪೈಪನ್ನು ಅವು ಕಡಿಯುತ್ತವೆ. ಕಳೆ ತೆಗೆಯುವ ಕುಡುಗೋಲಿಗೂ ಸಿಗುತ್ತದೆ. ಆದ್ದರಿಂದ 16 ಮಿಲಿಮೀಟರಿನ ಪೈಪನ್ನು ಮೊಣಕಾಲೆತ್ತರದ ತಂತಿಗೆ ತೂಗುಹಾಕಿಸಿದೆವು. ಹಾಕಲು ಬಂದ ಹುಡುಗರು ಹದಿನೈದು ಅಡಿಗೊಂದು ಗೂಟ ನೆಟ್ಟು ಸಂಜೆಯೊಳಗೆ ಹೊರಟುಹೋದರು. ವಾರ ಕಳೆಯುವುದರಲ್ಲಿ ಪೈಪು ಜೋಕಾಲಿಯಂತೆ ಜೋತುಬಿತ್ತು. ತೂತಿನಿಂದ ಹೊರಬಂದ ಹನಿ ಅಲ್ಲೇ ಬೀಳದೆ, ಪೈಪಿನ ಹೊಟ್ಟೆಗುಂಟ ಹರಿದು ತಗ್ಗಾದಲ್ಲಿ ತೊಟ್ಟಿಕ್ಕತೊಡಗಿತು. ಬಳ್ಳಿ ಬಾಡಿತು, ನಡುವಿನ ಹುಲ್ಲು ಹಸಿರಾಯಿತು. ಅತ್ತೆಯವರು ನೋಡಿ, “ಎಲ್ಲಾ ನೀರು ಕಳೆಗೇ ಕುಡಿಸಾಕ ಹತ್ತೀರಲ್ರಪ್ಪಾ” ಎಂದರು.

ಸಾಲಿನ ಎರಡೂ ತುದಿಗೆ ಕಲ್ಲುಕಂಬ ಹೂತು ತಂತಿಯನ್ನು ಬಿಗಿದೆವು. ಐದಡಿಗೊಂದು ಗೂಟ ಕೊಟ್ಟೆವು. ಪೈಪನ್ನು ಮಾತ್ರ ಬಿಗಿಯಬಾರದು. ಅದು ಬಿಸಿಲಿಗೆ ಹಿಗ್ಗುತ್ತದೆ, ರಾತ್ರಿ ಕುಗ್ಗುತ್ತದೆ. ಸಡಿಲ ಬಿಡದಿದ್ದರೆ ಬೆಳಗಾಗುವುದರೊಳಗೆ ಜೋಡಣೆಯಿಂದ ಕಿತ್ತುಬರುತ್ತದೆ. ಕಟ್ಟಲು ಹಳೆ ಸೀರೆಯ ಅಂಚು ಸಾಕು, ಪೈಪಿನ ಕುತ್ತಿಗೆ ಹಿಸುಕದಂತೆ ಕಟ್ಟಬೇಕು ಅಷ್ಟೆ.

ಹೀಗೆ ಮಾಡಿದರೂ ಕೆಲವು ಹನಿ ಜಾರುತ್ತಲೇ ಇತ್ತು. ಆಗ ನೆನಪಾದದ್ದು ನೂಲು. ಪರಿಚಯದ ನೇಕಾರರ ಮನೆಯಿಂದ ಉಳಿಕೆ ಹತ್ತಿನೂಲು ತಂದು, ಹನಿ ಬೀಳುವ ತೂತಿನ ಪಕ್ಕದಲ್ಲೇ ಸುತ್ತಿ, ತುದಿಯನ್ನು ಗೇಣುದ್ದ ಇಳಿಬಿಟ್ಟೆವು. ಜಾರುವ ನೀರು ನೂಲನ್ನು ಹಿಡಿದು ನೇರ ಬುಡಕ್ಕೇ ಇಳಿಯಿತು! ಒಂದೆಕರೆಗೆ ಸಾವಿರಾರು ಗಂಟು. ಮಕ್ಕಳು ಸಂಜೆ ಜಪಸರ ಮುಗಿಸಿ ನೂಲು ಕತ್ತರಿಸಿ ಕೊಡುತ್ತಿದ್ದರು. ಬೆಳೆ ಮುಗಿಯುವಷ್ಟರಲ್ಲಿ ನೂಲು ಕೊಳೆಯುತ್ತದೆ, ಮತ್ತೆ ಕಟ್ಟಬೇಕು.

ಕೆನಡಾದಲ್ಲಿ ಸೇವೆಯಲ್ಲಿರುವ ನಮ್ಮ ಬಂಧು ಸಿಸ್ಟರ್ ಒಬ್ಬರಿಗೆ ಇದನ್ನೆಲ್ಲ ಬರೆದಾಗ, ಅಲ್ಲಿಯೂ ಕಾಡಿನಲ್ಲಿ ಹೀಗೆಯೇ ಪೈಪು ತೂಗುಹಾಕುತ್ತಾರೆಂದು ಉತ್ತರ ಬಂತು. ಆದರೆ ಅಲ್ಲಿ ಮರಕ್ಕೆ ನೀರು ಕೊಡುವುದಕ್ಕಲ್ಲ, ಮೇಪಲ್ ಮರದಿಂದ ಸಿಹಿರಸ ಇಳಿಸಿಕೊಳ್ಳುವುದಕ್ಕೆ. ಸುಮಾರು 40 ಲೀಟರ್ ರಸ ಕಾಯಿಸಿದರೆ 1 ಲೀಟರ್ ಪಾಕವಂತೆ. ಅಲ್ಲಿಯೂ ತಂತಿ ಬಿಗಿಯಾಗಿ, ಒಂದೇ ಸಮನೆ ಇಳಿಜಾರಾಗಿ ಇರಬೇಕು. ಜೋತುಬಿದ್ದಲ್ಲಿ ರಸ ನಿಂತು ಕೆಡುತ್ತದೆ. ಪತ್ರ ಕೇಳಿ ಅತ್ತೆಯವರು, “ಅಲ್ಲೂ ಗೂಟ ದೂರ ದೂರ ನೆಡ್ತಾರೇನು?” ಎಂದು ನಕ್ಕರು.

ಆ ವರ್ಷ ಕಾಯಿ ಬಿಡಿಸುವ ಕೆಲಸ ತಪಸ್ಸುಕಾಲದವರೆಗೂ ನಡೆಯಿತು. ಗುಂಟೂರಿಗೆ ಹೋಗಲಿಲ್ಲ. ಪಾಸ್ಕ ಹಬ್ಬದ ನಂತರ ಮಗಳು ಪ್ರಥಮ ಪರಮಪ್ರಸಾದ ಸ್ವೀಕರಿಸಿದಳು.

ಈಗ ಅಕ್ಕಪಕ್ಕದ ಹೊಲದವರೂ ನೂಲು ಕೇಳಿಕೊಂಡು ಬರುತ್ತಾರೆ. ಬೋರಿನಲ್ಲಿ ನೀರೇ ಸಿಗದ ಎರಡು ಮನೆಯವರು ಮಾತ್ರ ಈ ಸಲವೂ ಸುಗ್ಗಿಗೆ ಹೋಗಿದ್ದಾರೆ. ಅವರ ಚಿಕ್ಕ ಮಗ ನಮ್ಮ ಮನೆಯಲ್ಲೇ ಇದ್ದು ಶಾಲೆಗೆ ಹೋಗುತ್ತಿದ್ದಾನೆ.