ಹೆಸರು ತಿಳಿಯುವ ತನಕ

ಯಕೃತ್ತಿನ ಕಾಯಿಲೆ ಎಂದೊಡನೆ ನಮ್ಮ ಬಾಯಿಂದ ಹೊರಡುವ ಮೊದಲ ಪ್ರಶ್ನೆ ಯಾವುದು? "ಕುಡೀತಿದ್ದನಾ?" ಎಂಬುದೇ ಅಲ್ಲವೇ? ಅರಕಲಗೂಡಿನಲ್ಲಿರುವ ನನ್ನ ತಂಗಿಯ ಮಗನನ್ನು ಈ ಪ್ರಶ್ನೆ ರೋಗಕ್ಕಿಂತ ಹೆಚ್ಚು ನೋಯಿಸಿತು. 19 ವರ್ಷದ ಅವನು ಮದ್ಯದ ರುಚಿಯನ್ನೇ ಕಂಡವನಲ್ಲ.

ಬಲಪಕ್ಕೆಯ ಕೆಳಗೆ ನೋವು, ಊಟ ಸೇರದು, ದಿನೇ ದಿನೇ ಮೈ ಇಳಿಯುತ್ತಿತ್ತು. ಕಾಮಾಲೆಯಿರಬೇಕೆಂದು ಬಂಧುಗಳು ಚನ್ನರಾಯಪಟ್ಟಣದ ಕಡೆಯಿಂದ ನಾಟಿ ಔಷಧಿ ತಂದರು. ಆದರೆ ಕಣ್ಣು ಹಳದಿಯಾಗಿರಲಿಲ್ಲ. ಹೊಳೆನರಸೀಪುರದಲ್ಲಿ ಸ್ಕ್ಯಾನಿಂಗ್ ಮಾಡಿಸಿದಾಗ ಯಕೃತ್ತಿನಲ್ಲಿ ದೊಡ್ಡ ಗಡ್ಡೆ ಕಂಡಿತು. ಹಾಸನದಲ್ಲಿ ರಕ್ತಪರೀಕ್ಷೆಯಾಯಿತು. ಹೆಪಟೈಟಿಸ್ ಬಿ, ಸಿ ಎರಡೂ ಇರಲಿಲ್ಲ. ಯಕೃತ್ತಿನ ಕ್ಯಾನ್ಸರಿನಲ್ಲಿ ಸಾಮಾನ್ಯವಾಗಿ ಏರುವ ಎಎಫ್‌ಪಿ ಅಂಶವೂ ಸಹಜವಾಗಿತ್ತು. ಮನೆಯವರಿಗೆ ಹೋದ ಜೀವ ಬಂದಂತಾಯಿತು. ವೈದ್ಯರು ಮಾತ್ರ, "ರಕ್ತ ಒಳ್ಳೆಯದನ್ನೇ ಹೇಳುತ್ತಿದೆ, ಸಿ.ಟಿ. ಚಿತ್ರ ಒಪ್ಪುತ್ತಿಲ್ಲ" ಎಂದು ಬೆಂಗಳೂರಿಗೆ ಕಳುಹಿಸಿದರು. ಗಡ್ಡೆಯ ನಡುವೆ ಗಾಯದ ಕಲೆಯಂಥ ಗುರುತಿತ್ತು. ಅಂಥ ಕಲೆ ಅಪಾಯವಿಲ್ಲದ ಒಂದು ಬಗೆಯ ಗಡ್ಡೆಯಲ್ಲಿಯೂ ಇರುವುದರಿಂದ ಚಿತ್ರವೊಂದನ್ನೇ ನಂಬಿ ತೀರ್ಮಾನಿಸುವಂತಿರಲಿಲ್ಲ.

ಸೂಜಿಯಿಂದ ತೆಗೆದ ಚೂರನ್ನು ಸೂಕ್ಷ್ಮದರ್ಶಕದಡಿ ನೋಡಿದಾಗ ದೊಡ್ಡ ಜೀವಕೋಶಗಳ ನಡುವೆ ನಾರಿನ ಪದರಗಳು ಸಾಲುಸಾಲಾಗಿ ಕಂಡವು. ಅದು ಫೈಬ್ರೊಲ್ಯಾಮೆಲ್ಲಾರ್ ಕಾರ್ಸಿನೋಮ. 1956ರಲ್ಲಿ ಎಡ್ಮಂಡ್ಸನ್ ಎಂಬ ವೈದ್ಯರು 14 ವರ್ಷದ ಹುಡುಗಿಯೊಬ್ಬಳಲ್ಲಿ ಮೊದಲು ವಿವರಿಸಿದ ಅಪರೂಪದ ಕ್ಯಾನ್ಸರ್. ಇದು ಹೆಚ್ಚಾಗಿ ಹರೆಯದವರನ್ನು, ಅದೂ ಬೇರಾವ ದೋಷವಿಲ್ಲದ ಯಕೃತ್ತನ್ನು ಹಿಡಿಯುತ್ತದೆ. ಮದ್ಯಕ್ಕೂ ಇದಕ್ಕೂ ನಂಟು ಕಂಡುಬಂದಿಲ್ಲ. 2014ರಲ್ಲಿ ಅಮೆರಿಕದ ಸಂಶೋಧಕರು ತಾವು ಪರೀಕ್ಷಿಸಿದ 15 ರೋಗಿಗಳ ಗಡ್ಡೆಗಳಲ್ಲಿಯೂ ಎರಡು ಜೀನುಗಳು ಒಂದಕ್ಕೊಂದು ಬೆಸೆದುಕೊಂಡಿರುವುದನ್ನು ಪತ್ತೆಹಚ್ಚಿದರು. ಆ ತಂಡದಲ್ಲಿದ್ದ ಎಲಾನಾ ಸೈಮನ್, ತಮ್ಮ 12ನೆಯ ವಯಸ್ಸಿನಲ್ಲಿ ಇದೇ ರೋಗಕ್ಕೆ ತುತ್ತಾಗಿ ಶಸ್ತ್ರಚಿಕಿತ್ಸೆಯಿಂದ ಉಳಿದವರು.

ವರದಿ ಕೈಸೇರಿದ ದಿನ ತಂಗಿ ಅತ್ತಳು. ಕ್ಯಾನ್ಸರ್ ಎಂದು ಅತ್ತಳು. ಮಗನ ಮೇಲಿದ್ದ ಅಪವಾದ ಕಳೆಯಿತೆಂದೂ ಅತ್ತಳು. ಈಗ ಅವನಿಗೆ ಶಸ್ತ್ರಚಿಕಿತ್ಸೆಯಾಗಿದೆ. ಮರಳಬಹುದಾದ ರೋಗವಾದ್ದರಿಂದ ಕೆಲವು ತಿಂಗಳಿಗೊಮ್ಮೆ ಸ್ಕ್ಯಾನ್ ತಪ್ಪದು. ಪ್ರತಿ ಸಲವೂ ಮನೆಯವರು ಉಸಿರು ಬಿಗಿಹಿಡಿದು ಕಾಯುತ್ತಾರೆ.

ಒಂದು ಮಾತು ಯೋಚಿಸಿ. ಅವನು ಕುಡಿಯುವವನೇ ಆಗಿದ್ದರೆ ಆ ನೋವು ಕಡಿಮೆಯಾಗುತ್ತಿತ್ತೇ? ಅವನಿಗೂ ಔಷಧಿ ಬೇಕು, ಮರ್ಯಾದೆಯೂ ಬೇಕು. ಕಾರಣ ಹುಡುಕುವ ಕೆಲಸವನ್ನು ವೈದ್ಯರಿಗೆ ಬಿಡೋಣ. ಕಾಯಿಲೆಯವರ ಮನೆಗೆ ಹೋದಾಗ, "ಆಸ್ಪತ್ರೆಗೆ ಜೊತೆಗೆ ಬರಲೇ?" ಎಂದಷ್ಟೇ ಕೇಳೋಣ.